ಖಾಯಂ ವಿಳಾಸ

ನಾವು ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಬಿ.ಎ. ಪಾಸು ಮಾಡಿದ್ದೇವೆಂಬ ಒಂದೇ ಅಪರಾಧಕ್ಕಾಗಿ ಶಾಖೆಗೆ ಯಾವ ಹೊಸ ಉಪದ್ರವ ಬಂದರೂ ಅದು ನಮ್ಮ ಮೇಜಿಗೇ ಬರುತ್ತದೆ. ಮೊನ್ನೆ ಬಂದದ್ದು ಒಂದು ಸುತ್ತೋಲೆ. ಪ್ರತಿಯೊಂದು ಕಂಪ್ಯೂಟರಿನ ‘ಫಿಸಿಕಲ್ ಅಡ್ರೆಸ್’ ಬರೆದು ಕಳಿಸತಕ್ಕದ್ದು. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಸೋಮವಾರದಿಂದ ಕಚೇರಿಯ ಜಾಲದೊಳಗೆ ಪ್ರವೇಶವಿಲ್ಲ.

ಕಂಪ್ಯೂಟರಿಗೆಂಥ ವಿಳಾಸ? ‘ಎರಡನೇ ಮಹಡಿ, ಕಿಟಕಿಯ ಪಕ್ಕ’ ಎಂದು ಬರೆಯೋಣವೆನ್ನಿಸಿತು. ಕೊನೆಗೆ ಚುಕ್ಕೆಯಿಟ್ಟು ಬರೆಯುವ ನಾಲ್ಕು ಸಂಖ್ಯೆಗಳ ಐ.ಪಿ. ವಿಳಾಸವನ್ನು ಬರೆದುಕೊಟ್ಟೆವು. ಕಂಪ್ಯೂಟರ್ ವಿಭಾಗದ ಹುಡುಗ ನಕ್ಕುಬಿಟ್ಟ. “ಇದು ಜಾಲ ಕೊಟ್ಟ ಹಾಲಿ ವಿಳಾಸ, ಸಾರ್. ನಾಳೆ ಬದಲಾದೀತು. ನಮಗೆ ಬೇಕಾದದ್ದು ಖಾಯಂ ವಿಳಾಸ” ಎಂದ.

ಯಂತ್ರವನ್ನು ಜಾಲಕ್ಕೆ ಸೇರಿಸುವ ಅಂಗಕ್ಕೆ ಕಾರ್ಖಾನೆಯಲ್ಲೇ ಒಂದು ಸಂಖ್ಯೆಯನ್ನು ಹಣೆಬರಹದಂತೆ ಬರೆದಿರುತ್ತಾರಂತೆ. ಎರಡೆರಡು ಅಕ್ಷರಗಳ 6 ಜೋಡಿ. ಅದರಲ್ಲಿ ಅಂಕಿಗಳೂ ಉಂಟು, ಇಂಗ್ಲಿಷಿನ ಎ ಯಿಂದ ಎಫ್ ವರೆಗಿನ ಅಕ್ಷರಗಳೂ ಉಂಟು. ಮೊದಲ 3 ಜೋಡಿ ತಯಾರಿಸಿದವರ ಗುರುತು. ಅದನ್ನು ಹಂಚುವುದು ಐ.ಇ.ಇ.ಇ. ಎಂಬ ಇಂಜಿನಿಯರುಗಳ ಸಂಸ್ಥೆ. ಉಳಿದ 3 ಜೋಡಿ ತಯಾರಕರೇ ಕೊಟ್ಟದ್ದು. ನಮ್ಮ ಕಡೆಯ ಹೆಸರುಗಳ ಹಾಗೆಯೇ: ಮೊದಲು ಊರು, ಮನೆತನ, ಆಮೇಲೆ ನಾವು.

ನೋಡುವ ಬಗೆಯೇನೂ ಕಷ್ಟವಲ್ಲ. ವಿಂಡೋಸ್ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಸಿ-ಎಂ-ಡಿ ಎಂದು ಟೈಪು ಮಾಡಿ ಎಂಟರ್ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅಲ್ಲಿ ಐಪಿಕಾನ್ಫಿಗ್ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಓರೆಗೆರೆ ಹಾಕಿ, ಆಲ್ ಎಂದು ಸೇರಿಸಿದರಾಯಿತು. ಫಿಸಿಕಲ್ ಅಡ್ರೆಸ್ ಎಂಬ ಸಾಲು ಕಾಣುತ್ತದೆ.

ಆದರೆ ಅಂಥ ಸಾಲು ಒಂದೇ ಅಲ್ಲ! ತಂತಿಯ ಈಥರ್ನೆಟ್‌ಗೊಂದು, ವೈಫೈಗೊಂದು, ಬ್ಲೂಟೂತ್‌ಗೊಂದು. ಅವಸರದಲ್ಲಿದ್ದ ನಾವು ಪಕ್ಕದ ಮೇಜಿನ ಹಿರಿಯರ ಯಂತ್ರದಲ್ಲಿ ಕಣ್ಣಿಗೆ ಬಿದ್ದದ್ದನ್ನು ಬರೆದುಕೊಂಡೆವು.

ಸೋಮವಾರ ಎಲ್ಲರ ಯಂತ್ರವೂ ನಡೆಯಿತು. ಹಿರಿಯರದು ಮಾತ್ರ ನಿಂತಿತು. ಅವರು ಆ ತಿಂಗಳ ಕೊನೆಗೆ ನಿವೃತ್ತರಾಗುವವರು. ಪಿಂಚಣಿಯ ಕಾಗದಗಳು ಅಂದು ಸಂಜೆಯೊಳಗೆ ಹೋಗಬೇಕು. ಕಾಗದಗಳೆಲ್ಲ ಆ ಯಂತ್ರದೊಳಗೇ. ಪೆನ್ ಡ್ರೈವ್ ನಮ್ಮ ಕಚೇರಿಯಲ್ಲಿ ನಿಷಿದ್ಧ. ಅವರು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. “ಪರವಾಗಿಲ್ಲ ಬೇಟಾ” ಎಂದು ಕನ್ನಡಕ ಒರೆಸುತ್ತ ಕುಳಿತರು. 36 ವರ್ಷದ ಸೇವೆ ನಮ್ಮ ಒಂದು ಸಾಲಿನ ತಪ್ಪಿಗೆ ಸಿಕ್ಕಿಕೊಂಡಿತ್ತು.

ನಾವು ಮೇಜಿನ ಕೆಳಗೆ ನುಗ್ಗಿ ಹಿಂಬದಿ ನೋಡಿದೆವು. ತಂತಿ ಸಿಕ್ಕಿಸಿತ್ತು. ಹಾಗಾದರೆ ಬೇಕಾದದ್ದು ಈಥರ್ನೆಟ್ಟಿನ ಸಂಖ್ಯೆ. ನಾವು ಕೊಟ್ಟದ್ದು ವೈಫೈಯದು. ಸರಿಯಾದುದನ್ನು ಬರೆದು, ಎರಡು ಸಲ ಓದಿ, ಮಹಡಿಯಿಳಿದು ಓಡಿದೆವು. ನಾಲ್ಕೂವರೆಗೆ ಜಾಲ ತೆರೆಯಿತು. ಕಾಗದಗಳು ಹೋದವು.

ರಾತ್ರಿ ಮನೆಯಲ್ಲಿ ಈ ಸಾಹಸ ವರ್ಣಿಸುತ್ತಿದ್ದೆವು. ಮಗಳು ಶಾಲೆಯ ಫಾರಮ್ಮು ತುಂಬುತ್ತ ಕೇಳಿದಳು: “ಅಪ್ಪಾ, ಖಾಯಂ ವಿಳಾಸ ಏನು ಬರೀಲಿ?”

ಎಂದಿನಂತೆ ಹಾಸನ ಜಿಲ್ಲೆಯ ನಮ್ಮ ಹಳ್ಳಿಯ ಮನೆಯನ್ನು ಹೇಳಹೊರಟೆವು. ಮನೆಯವರು ಅಡಿಗೆಮನೆಯಿಂದಲೇ ಮೆಲ್ಲಗೆ ಅಂದರು: “ಅದನ್ನ ಮಾರಿ ಎರಡು ವರ್ಷ ಆಯ್ತಲ್ರೀ.”

ಯಾರೂ ಮಾತಾಡಲಿಲ್ಲ. ಈ ಕ್ವಾರ್ಟರ್ಸು ಹಾಲಿ ವಿಳಾಸ. ವರ್ಗವಾದರೆ ಅದೂ ಇಲ್ಲ. ಯಂತ್ರವನ್ನಾದರೆ ಎಲ್ಲಿಗೆ ಸಾಗಿಸಿದರೂ ಕಾರ್ಖಾನೆಯ ಗುರುತು ಅದರೊಳಗೇ ಇರುತ್ತದೆ. ನಮ್ಮ ಗುರುತೂ ಬಾಯಿ ತೆರೆದರೆ ತಿಳಿಯುತ್ತದೆ, ತರಕಾರಿಯವನು ಮಾತ್ರ ಹದಿನಾಲ್ಕು ವರ್ಷದಿಂದಲೂ “ಮದ್ರಾಸ್ ಸೇ?” ಎಂದು ತಪ್ಪು ಸಾಲನ್ನೇ ಓದುತ್ತಿದ್ದಾನೆ.

ಕೊನೆಗೆ ಮಗಳಿಗೆ ಊರು, ತಾಲ್ಲೂಕು, ಜಿಲ್ಲೆ ಇಷ್ಟನ್ನೇ ಹೇಳಿದೆವು. ಮನೆಯ ನಂಬರಿನ ಜಾಗ ಖಾಲಿ ಉಳಿಯಿತು. ಅಪೂರ್ಣವಾದ ಅರ್ಜಿ ಹಿಂದಕ್ಕೆ ಬರುತ್ತದೆಂದು ಗುಮಾಸ್ತೆಯಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂದರೆ ಬರಲಿ, ಆಗ ನೋಡಿಕೊಂಡರಾಯಿತು.