ಕನ್ನಡಿಯಿಲ್ಲದ ಕ್ಯಾಮೆರಾ

ಮಗಳ ಮದುವೆ ನಿಶ್ಚಯವಾಗಿರುವ ವರ್ಷದಲ್ಲಿಯೇ ನನಗೆ ಹೊಸ ಕ್ಯಾಮೆರಾದ ಮೋಹವು ಅಂಕುರಿಸಿದೆ. ನಿಕಾನ್ ಸಂಸ್ಥೆಯವರು 2018ರಲ್ಲಿ ಹೊರತಂದ ಝಡ್ 6, ಝಡ್ 7 ಯಂತ್ರಗಳಲ್ಲಿ, ನನ್ನ ಹಳೆಯದರಲ್ಲಿರುವಂತೆ ಕನ್ನಡಿಯಿಲ್ಲ. ಬೆಳಕು ಲೆನ್ಸಿನಿಂದ ನೇರವಾಗಿ ಅದನ್ನು ಗ್ರಹಿಸುವ ಫಲಕದ ಮೇಲೆ ಬೀಳುವುದು. ಫಲಕವು ಹಿಂದಣ ಫಿಲ್ಮಿನ ಚೌಕಟ್ಟಿನಷ್ಟೇ, ಎಂದರೆ ಸುಮಾರು 36 ಮಿಲಿಮೀಟರು ಉದ್ದ, 24 ಮಿಲಿಮೀಟರು ಅಗಲ.

ಯಂತ್ರದ ಬೆಲೆಯನ್ನು ಹೇಗಾದರೂ ಹೊಂದಿಸಬಹುದು, ತೊಡಕಿರುವುದು ಲೆನ್ಸಿನಲ್ಲಿ. ನನ್ನ 85 ಮಿಲಿಮೀಟರಿನ ಹಳೆಯ ಲೆನ್ಸಿನೊಳಗೆ ಮೋಟಾರಿಲ್ಲ. ಕ್ಯಾಮೆರಾದೊಳಗಿನ ಮೋಟಾರೇ ಒಂದು ತಿರುಪಿನ ಮೂಲಕ ಅದನ್ನು ತಿರುಗಿಸಿ ಫೋಕಸ್ ಹೊಂದಿಸುವುದು. ಹೊಸ ಯಂತ್ರದಲ್ಲಾಗಲಿ, ಹಳೆಯ ಲೆನ್ಸನ್ನು ಅದಕ್ಕೆ ಕೂಡಿಸುವ ನಿಕಾನಿನ ಅಡಾಪ್ಟರಿನಲ್ಲಾಗಲಿ ಅಂತಹ ಮೋಟಾರಿಲ್ಲವಾದುದರಿಂದ ಕೈಯಿಂದಲೇ ತಿರುಗಿಸಿಕೊಳ್ಳಬೇಕು. “ಮಾರಿಬಿಡಿ ಸ್ವಾಮಿ” ಎಂದನು ಅಂಗಡಿಯವನು. ಮಾತೃಶ್ರೀಯವರ ಕಡೆಯ ಭಾವಚಿತ್ರವನ್ನು ಆ ಲೆನ್ಸಿನಿಂದ ತೆಗೆದೆನೆಂಬುದು ಅವನಿಗೆ ಹೇಗೆ ತಿಳಿಯಬೇಕು!

ಅರುವತ್ತು ದಾಟಿದ ನನ್ನ ಕಣ್ಣಿಗೆ ಸಂಜೆಯ ಮಬ್ಬಿನಲ್ಲಿ ಫೋಕಸ್ ಕೂಡಿತೋ ಇಲ್ಲವೋ ತಿಳಿಯದು. ಅದೇ ಅಂಗಡಿಯಲ್ಲಿ ಹೊಸ ಯಂತ್ರದ ಕಿಂಡಿಗೆ ಕಣ್ಣಿಟ್ಟು ನೋಡಿದೆನು: ಮೂಲೆಯ ಮಬ್ಬೂ ಬೆಳಗಿ ಕಾಣುವುದು, ಸ್ಫುಟವಾದ ಅಂಚುಗಳು ಬಣ್ಣಗೊಂಡು ತೋರುವುವು, ರೆಪ್ಪೆಯ ಕೂದಲನ್ನು ಹಿಗ್ಗಿಸಿ ನೋಡಬಹುದು. ಮನಸ್ಸು ಅಲ್ಲಿಯೇ ನಿಂತಿತು.

ಗೃಹಿಣಿಯು “ಮದುವೆ ಕಳೆಯಲಿ” ಎನ್ನುವಳು. ಅವಳ ಮಾತು ನ್ಯಾಯವೇ. ಧಾರೆಯೆರೆಯುವವನ ಕೈಯಲ್ಲಿ ಕ್ಯಾಮೆರಾ ಇರುವಂತೆಯೂ ಇಲ್ಲವಷ್ಟೆ. ಆದರೆ ಮದುವೆಯ ಬಳಿಕ ಮಗಳು ಈ ಮನೆಯ ಜಗಲಿಯಲ್ಲಿ ಸಿಕ್ಕುವುದೆಂದು? ಆದುದರಿಂದ ಯಂತ್ರವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದು, ಹಳೆಯ ಲೆನ್ಸನ್ನು ತೊಡಿಸಿ, ದೀಪ ಹಚ್ಚುವ ಹೊತ್ತಿನಲ್ಲಿ ಅವಳನ್ನು ಅಲ್ಲಿ ಕುಳ್ಳಿರಿಸಿ ನೋಡಬೇಕೆಂದಿರುವೆನು.