ಹಡಗಿನಿಂದ ಇಳಿದವರು

1987ರ ಜುಲೈ 29ರಂದು ಕೊಲಂಬೋದಲ್ಲಿ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ರುಜು ಬಿದ್ದಿತು. ನಮ್ಮ ಸೈನಿಕರು ಶಾಂತಿಪಾಲನಾ ಪಡೆಯೆಂಬ ಹೆಸರು ಹೊತ್ತು ಆ ದ್ವೀಪಕ್ಕೆ ತೆರಳಿದರು. ಶಾಂತಿ ಕಾಯಲು ಹೋದವರು ಅಕ್ಟೋಬರಿನಲ್ಲಿ ಎಲ್.ಟಿ.ಟಿ.ಇ.ಯೊಡನೆ ನೇರ ಕಾಳಗಕ್ಕೆ ಇಳಿಯಬೇಕಾಯಿತು. ನೆರೆಮನೆಯ ಜಗಳ ಬಿಡಿಸಲು ಬಂದೂಕು ಹಿಡಿದು ಹೋದವನು ಮಧ್ಯಸ್ಥನಾಗಿ ಉಳಿಯಲಾರ. ಆ ಕಾರ್ಯಾಚರಣೆ ಸಲ್ಲದೆಂಬುದೇ ನಮ್ಮ ಅಭಿಪ್ರಾಯ. ಸುಮಾರು 1,200 ಮಂದಿ ಭಾರತೀಯ ಯೋಧರು ಅಲ್ಲಿ ಮಡಿದರು. ನಿರಪರಾಧಿಗಳಾದ ತಮಿಳು ನಾಗರಿಕರೂ ಸತ್ತರು. ಅದನ್ನು ಮರೆಮಾಚಿ ಯೋಧರನ್ನು ಹೊಗಳುವುದು ಸತ್ಯಕ್ಕೆ ಮಾಡುವ ಅಪಚಾರ.

ಆದರೂ ಸದ್ಭಕ್ತರು ಒಂದು ಸಂಗತಿಯನ್ನು ವಿಚಾರಿಸಬೇಕು. 1990ರ ಮಾರ್ಚ್ ತಿಂಗಳಲ್ಲಿ ಕಡೆಯ ತುಕಡಿ ಮದರಾಸಿಗೆ ಮರಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರು ಸ್ವಾಗತಕ್ಕೆ ಹೋಗಲಿಲ್ಲ. ಅವರ ಆಕ್ಷೇಪದಲ್ಲಿ ತಿರುಳಿತ್ತು. ಅದನ್ನು ತೋರಿದ ಸ್ಥಳ ಮಾತ್ರ ಸರಿಯಲ್ಲ. ಆಜ್ಞೆ ಹೊರಟದ್ದು ದಿಲ್ಲಿಯಿಂದ. ಬಂದರಿನಲ್ಲಿ ಇಳಿದವರು ಆಜ್ಞೆಯನ್ನು ಪಾಲಿಸಿದವರು. ಮಡಿದವರ ಹೆಸರು ಕೆತ್ತಿದ ಸ್ಮಾರಕವನ್ನು ಮುಂದೆ ಶ್ರೀಲಂಕೆಯೇ ಕೊಲಂಬೋ ಬಳಿ ಕಟ್ಟಿಸಿತೆಂಬುದು ನಮಗೆ ನಾಚಿಕೆ ತರಬೇಕಾದ ಮಾತು.

ಅಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಒಮ್ಮೆ ಮಠಕ್ಕೆ ಬಂದಿದ್ದರು. “ಬುದ್ಧೀ, ಆ ಯುದ್ಧವೇ ಸಲ್ಲದು ಅಂತ ಅಪ್ಪಣೆ ಕೊಡಿಸ್ತೀರಿ. ಹಾಗಾದ್ರೆ ನನ್ನ ಮಗ ಸತ್ತದ್ದು ಯಾತಕ್ಕೆ?” ಎಂದರು. ನಾವು ಯುದ್ಧವನ್ನು ಕುರಿತ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಆಕೆಯ ಮುಂದೆ ಸುಳ್ಳು ಸಮಾಧಾನ ಹೇಳಲು ನಾಲಗೆ ಏಳಲಿಲ್ಲ. “ನಿಮ್ಮ ಮಗ ಕೊಟ್ಟ ಮಾತಿಗೆ ನಿಂತ, ತಾಯೀ. ಯಾತಕ್ಕೆ ಎಂಬುದರ ಲೆಕ್ಕವನ್ನು ಕಳಿಸಿದವರು ಒಪ್ಪಿಸಬೇಕು” ಎಂದೆವು. ಆಕೆ ಒಪ್ಪಿದರೋ ಇಲ್ಲವೋ ಅರಿಯೆವು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಪ್ರಸಾದ ಸ್ವೀಕರಿಸಿ ಊರಿಗೆ ಹೊರಟರು.