ನಾಲೆಯ ನಾಡಿನಲ್ಲಿ ಈಜು ಕಲಿತ ಮಗಳು

ಕೊಪ್ಪ ಎಂದೊಡನೆ ಬಹುಮಂದಿಗೆ ನೆನಪಾಗುವುದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಕೊಪ್ಪ. ನಾವು ಇಲ್ಲಿ ಹೇಳಹೊರಟಿರುವುದು ಆ ಕೊಪ್ಪವನ್ನಲ್ಲ; ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಯಲುಸೀಮೆಯ ಕೊಪ್ಪವನ್ನು. ಮದ್ದೂರಿನ ರೈಲು ನಿಲ್ದಾಣದಲ್ಲಿಳಿದು, ವಡೆಯ ಪರಿಮಳವನ್ನು ಹಿಂದೆ ಬಿಟ್ಟು, ಬೆಸಗರಹಳ್ಳಿಯ ಮಾರ್ಗವಾಗಿ ಬಸ್ಸಿನಲ್ಲಿ ಹೋದರೆ ಕಬ್ಬು, ಭತ್ತ, ರಾಗಿ, ತೆಂಗುಗಳ ನಡುವೆ ನಮ್ಮೂರು ಸಿಕ್ಕುತ್ತದೆ. ಸಕ್ಕರೆ ಕಾರ್ಖಾನೆಯ ಚಿಮಣಿ ದೂರದಿಂದಲೇ ಕಾಣುತ್ತದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಊರಿನ ಗಾಳಿಯೇ ಸಿಹಿಯಾಗಿ ಕಮಟುತ್ತದೆ.

ಹನ್ನೆರಡನೆಯ ವಯಸ್ಸಿಗೆ ಮಠದ ಪಾಠಶಾಲೆಗೆ ಸೇರಿ ಊರು ಬಿಟ್ಟ ನಾವು, ಅನಂತರ ಅಧ್ಯಾಪಕ ವೃತ್ತಿಯಲ್ಲಿ ಊರೂರು ಸುತ್ತಿ, ಈಗ ಮೈಸೂರಿನಲ್ಲಿ ನೆಲೆಸಿದ್ದೇವೆ. ಹಬ್ಬಕ್ಕೋ ಮದುವೆಗೋ ಕೊಪ್ಪಕ್ಕೆ ಹೋಗಿ ಮರುದಿನವೇ ಹಿಂತಿರುಗುವುದು ರೂಢಿ. ಈ ಸಲ ಮಾತ್ರ ಒಂದು ತಿಂಗಳು ಅಲ್ಲಿಯೇ ಉಳಿದೆವು. ಅದಕ್ಕೆ ಕಾರಣ ನಮ್ಮ ನಾದಿನಿ ಮಾಡಿದ ಒಂದು ದೂರವಾಣಿ ಕರೆ.

“ಭಾವ್ನೋರೇ, ನೀವಾದ್ರೂ ಬಂದು ಒಂದ್ಮಾತು ಹೇಳಿ. ನಿಮ್ಮ ಮಗಳು ಸಮುದ್ರದಲ್ಲಿ ಈಜ್ತೀನಿ ಅಂತ ಕುಂತವ್ಳೆ. ಈ ಮನೇಲಿ ಒಂದು ಜೀವ ನೀರಿಗೆ ಹೋದದ್ದು ಸಾಲ್ದಾ?”

ಆ ಒಂದು ಜೀವದ ವಿಷಯವನ್ನು ಮೊದಲೇ ಹೇಳಿಬಿಡುವುದು ಮೇಲು. ನಾವು ಅಣ್ಣತಮ್ಮಂದಿರು ಮೂವರು. ಕಿರಿಯವನು 1979ರ ಬೇಸಿಗೆ ರಜೆಯಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಸೋದರಮಾವನ ಊರಿನ ನಾಲೆಗೆ ಇಳಿದವನು ಮೇಲೆ ಬರಲಿಲ್ಲ. ಅಂದು ಏರಿಯ ಮೇಲೆ ನಾವೂ ಇದ್ದೆವು. ವ್ಯಾಕರಣ ಬಲ್ಲವರಾಗಿದ್ದೆವು, ಈಜು ಬಲ್ಲವರಾಗಿರಲಿಲ್ಲ. ಆ ದಿನದಿಂದ ನಮ್ಮ ತಾಯಿ, ಮನೆಯ ಮಕ್ಕಳಾರೂ ಮೊಣಕಾಲಿಗಿಂತ ಆಳದ ನೀರಿಗೆ ಇಳಿಯಕೂಡದೆಂದು ಕಟ್ಟುಮಾಡಿದರು. ತಾಯಿ ಲಿಂಗೈಕ್ಯರಾದ ಮೇಲೂ ಆ ಕಟ್ಟು ಉಳಿಯಿತು. ನಾವಂತೂ ನಲವತ್ತು ವರ್ಷಗಳಿಗೂ ಮೇಲ್ಪಟ್ಟು ನಾಲೆಯ ಏರಿಯನ್ನು ಹತ್ತಿರಲಿಲ್ಲ.

ನಡುವಣ ತಮ್ಮನ ಮಗಳಿಗೆ ಈಗ ಮೂವತ್ತೆರಡು ವರ್ಷ, ಆರು ವರ್ಷದ ಹೆಣ್ಣುಮಗುವಿನ ತಾಯಿ, ಬೆಂಗಳೂರಿನಲ್ಲಿ ಉದ್ಯೋಗ. ಮಗುವನ್ನು ಈಜುಕೊಳಕ್ಕೆ ಸೇರಿಸಲು ಹೋದವಳು, ಹೊರಗೆ ಬೆಂಚಿನ ಮೇಲೆ ಕಾಯುವುದಕ್ಕಿಂತ ತಾನೂ ಕಲಿಯೋಣವೆಂದು ಇಳಿದಳಂತೆ. ಮೂರು ವರ್ಷಗಳಲ್ಲಿ ಆ ಹಂಬಲ ಬೆಳೆದು, ಗೋವೆಯಲ್ಲಿ ನಡೆಯುವ ಅರ್ಧ ಐರನ್‌ಮ್ಯಾನ್ ಸ್ಪರ್ಧೆಗೆ ಹೆಸರು ಕೊಡುವವರೆಗೆ ಬಂದಿತ್ತು. ಬೆಂಗಳೂರಿನ ರಸ್ತೆಗಳಲ್ಲಿ ಸೈಕಲ್ ಅಭ್ಯಾಸ ಕಷ್ಟವೆಂದು ಶುಕ್ರವಾರ ರಾತ್ರಿ ತೌರಿಗೆ ಬಂದು ಭಾನುವಾರ ಸಂಜೆ ಹಿಂತಿರುಗುತ್ತಿದ್ದಳು.

ಈ ಸ್ಪರ್ಧೆಯ ಸ್ವರೂಪವನ್ನು ಅವಳಿಂದಲೇ ಕೇಳಿ ತಿಳಿದೆವು. ಮೊದಲು ತೆರೆದ ನೀರಿನಲ್ಲಿ 1.9 ಕಿಲೋಮೀಟರು ಈಜು. ದಡಕ್ಕೆ ಬಂದೊಡನೆ 90 ಕಿಲೋಮೀಟರು ಸೈಕಲ್ ಸವಾರಿ. ಸೈಕಲ್ಲಿನಿಂದ ಇಳಿದೊಡನೆ 21.1 ಕಿಲೋಮೀಟರು ಓಟ. ಒಟ್ಟು 113 ಕಿಲೋಮೀಟರು. ಮೈಲಿಯ ಲೆಕ್ಕದಲ್ಲಿ 70.3 ಆಗುವುದರಿಂದ ಆ ಅಂಕೆಯೇ ಅದರ ಹೆಸರಾಗಿದೆ. ಇಡೀ ದೂರವನ್ನು ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ಈಜಿಗೆ ಒಂದು ಗಂಟೆ ಹತ್ತು ನಿಮಿಷದ ಮಿತಿ. ಅದು ಮೀರಿದರೆ ಸೈಕಲ್ ಹತ್ತಲು ಬಿಡುವುದಿಲ್ಲ.

ಇದರ ಮೂಲ ಹವಾಯಿಯಲ್ಲಿದೆ. ಜಾನ್ ಕಾಲಿನ್ಸ್ ಎಂಬ ಅಮೆರಿಕದ ನೌಕಾಧಿಕಾರಿಯೂ ಆತನ ಪತ್ನಿ ಜೂಡಿಯೂ, ಅಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಈಜು, ಸೈಕಲ್, ಮ್ಯಾರಥಾನ್ ಸ್ಪರ್ಧೆಗಳ ದೂರಗಳನ್ನು ಒಂದೇ ದಿನಕ್ಕೆ ಜೋಡಿಸಿದರು. 1978ರ ಫೆಬ್ರವರಿ 18ರಂದು ಹದಿನೈದು ಮಂದಿ ಹೊರಟು ಹನ್ನೆರಡು ಮಂದಿ ಮುಗಿಸಿದರು. ಮರುವರ್ಷವೇ ಲಿನ್ ಲೆಮೇರ್ ಎಂಬಾಕೆ ಅದನ್ನು ಮುಗಿಸಿದ ಮೊದಲ ಮಹಿಳೆಯಾದರು. ಅದರ ಅರ್ಧ ದೂರದ್ದು ಈ 70.3. ಗೋವೆಯಲ್ಲಿ ಇದು 2019ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ನಡೆಯಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ, ಗಡುವಿಗೆ ಮೂರು ನಿಮಿಷವೂ ಉಳಿಯದಿರುವಾಗ, ಇದನ್ನು ಪೂರೈಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಗಡುವಿನ ಆ ಮೂರು ನಿಮಿಷವೇ ನಮ್ಮ ಮಗಳಿಗೂ ಧೈರ್ಯ ಕೊಟ್ಟಿತಂತೆ: “ಗೆಲ್ಲೋದಲ್ಲ ದೊಡ್ಡಪ್ಪ, ಮುಗಿಸೋದು.”

ನಾವು ಬಂದ ಮೊದಲ ಭಾನುವಾರ ನಸುಕಿನಲ್ಲಿಯೇ ಅವಳು ಹೊರಟಳು. ನಾಲ್ಕು ಗಂಟೆಗೆ ಏಳುವುದು ಮಠದಲ್ಲಿ ನಮಗಾದ ಅಭ್ಯಾಸ; ಆದರೆ ನಾವು ಪೂಜೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅವಳು ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬಿ, ಶಿರಸ್ತ್ರಾಣ ಧರಿಸಿ ನಿಂತಿದ್ದಳು. ಸ್ಕೂಟರಿನಲ್ಲಿ ತಮ್ಮ ಮುಂದೆ, ನಾವು ಹಿಂದೆ ಕುಳಿತು ಅವಳನ್ನು ಹಿಂಬಾಲಿಸಿದೆವು. ಮೀಟರು 45 ತೋರಿಸುವವರೆಗೆ ಮದ್ದೂರಿನ ಮೇಲೆ ಮಳವಳ್ಳಿಯ ಕಡೆಗೆ ಹೋಗುವುದು, ಅಲ್ಲಿಂದ ಹಿಂತಿರುಗುವುದು, ಇದು ಅವಳ ಲೆಕ್ಕ.

ಆ ದಾರಿಯ ಸೊಬಗನ್ನು ಎಷ್ಟು ಹೇಳಿದರೂ ಸಾಲದು. ಬೆಳಕು ಹರಿಯುವ ಹೊತ್ತಿಗೆ ಗದ್ದೆಗಳ ಮೇಲೆ ಮಂಜು ತೆಳ್ಳಗೆ ಕುಳಿತಿರುತ್ತದೆ. ಬೆಳ್ಳಕ್ಕಿಗಳು ಕೆಸರಿನಲ್ಲಿ ಕಾಲೂರಿ ನಿಂತಿರುತ್ತವೆ. ಮದ್ದೂರಿನ ಸನಿಹ ಶಿಂಷೆಯ ದಡದಲ್ಲಿ ವೈದ್ಯನಾಥಪುರ, 1938ರ ಧ್ವಜ ಸತ್ಯಾಗ್ರಹದ ಶಿವಪುರ, ಬೆಂಗಳೂರು-ಮೈಸೂರು ಹೆದ್ದಾರಿ. 2023ರಲ್ಲಿ ಉದ್ಘಾಟನೆಯಾದ ಆ ದಶಪಥದ ಮುಖ್ಯಪಥಕ್ಕೆ ಅದೇ ವರ್ಷದ ಆಗಸ್ಟಿನಿಂದ ದ್ವಿಚಕ್ರ ವಾಹನಗಳಿಗೂ ಸೈಕಲ್ಲಿನಂಥವಕ್ಕೂ ಪ್ರವೇಶವಿಲ್ಲ. ಸಮತಟ್ಟಾದ ರಸ್ತೆ ಕಣ್ಣೆದುರಿಗಿದ್ದರೂ ಅವಳು ಹಳ್ಳಿಯ ರಸ್ತೆಯನ್ನೇ ಹಿಡಿಯಬೇಕು. ಅಲ್ಲಿ ಕಬ್ಬಿನ ಟ್ರ್ಯಾಕ್ಟರು ತನ್ನ ಹಿಂದೆ ಎರಡು ಟ್ರೈಲರುಗಳನ್ನು ಎಳೆಯುತ್ತ ರಸ್ತೆಯ ಮುಕ್ಕಾಲು ಪಾಲನ್ನು ತಾನೇ ತುಂಬಿಕೊಂಡು ಬರುತ್ತದೆ. ಭಾರತೀನಗರದ ಬಳಿ ಒಬ್ಬ ಹಿರಿಯರು ಸ್ಕೂಟರನ್ನು ತಡೆದು, “ಯಾಕ್ ಬುದ್ಧಿ, ಹೆಣ್ಮಗು ಒಂದೇ ತುಳೀತಾ ಅದೆ, ಬಸ್ ಸಿಗ್ನಿಲ್ವಾ?” ಎಂದು ಮರುಕದಿಂದ ಕೇಳಿದರು. ತಮ್ಮ ಉತ್ತರ ಹೇಳಲಾರದೆ ನಕ್ಕನು. ಅವನು ನಕ್ಕದ್ದನ್ನು ನಾವು ಕಂಡು ಬಹಳ ಕಾಲವಾಗಿತ್ತು.

ಸಿದ್ಧತೆಯ ಕ್ರಮವನ್ನು ಕಂಡಾಗ ನಮಗೆ ಪಾಠಶಾಲೆಯ ಅಧ್ಯಯನವೇ ನೆನಪಾಯಿತು. ಒಂದೇ ದಿನ ನೂರು ಸೂತ್ರ ಉರುಹೊಡೆದವನು ಮೂರನೆಯ ದಿನ ಎಲ್ಲವನ್ನೂ ಮರೆಯುತ್ತಾನೆ. ದಿನಕ್ಕೆ ನಾಲ್ಕರಂತೆ ಕಲಿತವನಿಗೆ ಅದು ಆಯುಷ್ಯದವರೆಗೆ ಉಳಿಯುತ್ತದೆ. ಇವಳೂ ಹಾಗೆಯೇ ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ, ನಾಲ್ಕನೆಯ ವಾರ ಬೇಕೆಂದೇ ತಗ್ಗಿಸುತ್ತಿದ್ದಳು. ದೇಹ ಬಲಗೊಳ್ಳುವುದು ಶ್ರಮದಲ್ಲಲ್ಲ, ಶ್ರಮದ ಮರುದಿನದ ವಿಶ್ರಾಂತಿಯಲ್ಲಿ ಎಂಬುದು ಅವಳ ಮಾತು. ಸ್ಪರ್ಧೆಗೆ ಮುಂಚಿನ ಎರಡು ವಾರ ಅಭ್ಯಾಸವನ್ನು ಬಹಳ ಕಡಿಮೆ ಮಾಡಬೇಕಂತೆ.

ಸೈಕಲ್ ಇಳಿದೊಡನೆ ಅಂಗಳದಲ್ಲಿ ಬೂಟು ಬದಲಿಸಿ ಎರಡು ಮೂರು ಕಿಲೋಮೀಟರು ಓಡುವುದೂ ಒಂದು ಅಭ್ಯಾಸ. ಗಂಟೆಗಟ್ಟಲೆ ತುಳಿದ ಕಾಲು ಓಟದ ಲಯಕ್ಕೆ ಕೂಡಲೇ ಹೊಂದದೆ ಮರದ ಕೊರಡಿನಂತೆ ಭಾರವಾಗುತ್ತದೆ. ಆ ಭಾರವನ್ನು ಕಾಲಿಗೆ ಮೊದಲೇ ಪರಿಚಯಿಸಬೇಕು. ಆಹಾರವೂ ಅಭ್ಯಾಸದ ಭಾಗವೇ. ಇಷ್ಟು ದೀರ್ಘ ಶ್ರಮಕ್ಕೆ ಗಂಟೆಗೆ ಸುಮಾರು 60 ಗ್ರಾಂ ಶರ್ಕರಪಿಷ್ಟ ಬೇಕಾಗುತ್ತದೆ. ನಮ್ಮ ನಾದಿನಿ ಎಷ್ಟೇ ಸಿಟ್ಟಿನಲ್ಲಿದ್ದರೂ ಬಾಳೆಹಣ್ಣು, ಬೆಲ್ಲದ ಚೂರು, ಉಪ್ಪು ಬೆರೆಸಿದ ನಿಂಬೆಯ ಪಾನಕವನ್ನು ಕಟ್ಟಿಕೊಡುವುದನ್ನು ಮಾತ್ರ ತಪ್ಪಿಸಲಿಲ್ಲ. ಬೆವರಿನಲ್ಲಿ ಉಪ್ಪು ಹರಿದುಹೋಗುವಾಗ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ಅದೂ ಪ್ರಾಣಕ್ಕೆ ಕುತ್ತೆಂದು ಮಗಳು ಹೇಳಿದ ಮೇಲೆ ಪಾನಕಕ್ಕೆ ಉಪ್ಪು ಬಿದ್ದಿತ್ತು.

ಮೂರನೆಯ ಭಾನುವಾರ, ಮಳವಳ್ಳಿಯ ದಾರಿಯಲ್ಲಿ ಒಂದೆಡೆ ಅವಳ ಚಕ್ರಕ್ಕೆ ಮುಳ್ಳು ಚುಚ್ಚಿತು. ಟ್ಯೂಬು ಬದಲಿಸಲು ಅವಳು ಕುಳಿತದ್ದು ನಾಲೆಯ ಏರಿಯ ಪಕ್ಕದಲ್ಲಿ. ತಮ್ಮ ಸ್ಕೂಟರಿನ ಬಳಿಯೇ ನಿಂತನು. ನಾವು ಏನೆಂದು ಯೋಚಿಸದೆಯೇ ಏರಿಯನ್ನು ಹತ್ತಿದೆವು.

ನೀರು ತುಂಬಿ ಹರಿಯುತ್ತಿತ್ತು. ಕೃಷ್ಣರಾಜಸಾಗರದಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹಾದು, ಒಂದು ಕಾಲಕ್ಕೆ ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ನೀರು ಇದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಅನ್ನ ಇದರದು. ನಮ್ಮ ತಮ್ಮನ ಜೀವವೂ ಇದರದೇ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ ಮೂವತ್ತು ಮಂದಿ ಅಸುನೀಗಿದಾಗ, ನಾವು ಮೈಸೂರಿನ ಮನೆಯಲ್ಲಿ ಮೂರು ದಿನ ಯಾರೊಡನೆಯೂ ಮಾತನಾಡಿರಲಿಲ್ಲ.

ಮಗಳು ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತ ನಮ್ಮ ಪಕ್ಕಕ್ಕೆ ಬಂದು ನಿಂತಳು.

“ಇದರಲ್ಲಿ ನಾನು ಇಳಿಯೋದಿಲ್ಲ ದೊಡ್ಡಪ್ಪ,” ಎಂದಳು. “ಇದು ಈಜುವ ನೀರಲ್ಲ.”

ಏಕೆಂದು ಕೇಳಿದೆವು. ಅವಳು ಒಂದೊಂದಾಗಿ ವಿವರಿಸಿದಳು. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಒಂದೇ ಸಮನಾಗಿರುತ್ತದೆ. ನದಿಯಲ್ಲಿರುವಂತೆ ತಿರುವು, ಮಡು, ಮರಳದಿಣ್ಣೆ ಇಲ್ಲಿಲ್ಲ. ಇಳಿಜಾರಾದ ಬದಿಗೆ ಪಾಚಿ ಕಟ್ಟಿರುತ್ತದೆ; ಹಿಡಿಯಲು ಬೇರಿಲ್ಲ, ಊರಲು ಮೆಟ್ಟಿಲಿಲ್ಲ. ಬದಿಗೆ ಬಂದವನೂ ಜಾರಿ ಮತ್ತೆ ನಡುವಿಗೆ ಹೋಗುತ್ತಾನೆ. ಈಜು ಬಲ್ಲವನೇ ಸೋಲುವ ಜಾಗವಿದು. ಮುಳುಗುವವನನ್ನು ಕಂಡು ಈಜು ಬಾರದವರು ಹಾರಿದರೆ ಒಂದು ಹೆಣದ ಜಾಗದಲ್ಲಿ ಎರಡಾಗುತ್ತದೆ; ದಡದಲ್ಲಿದ್ದವರು ಪಂಚೆಯನ್ನೋ ಹಗ್ಗವನ್ನೋ ಎಸೆಯಬೇಕು, ಕೂಗಿ ಜನ ಕರೆಯಬೇಕು.

ಆ ಮಾತಿಗೆ ನಾವು ಏರಿಯ ಮೇಲೆ ಕುಳಿತುಬಿಟ್ಟೆವು. ಅಂದು ನಾವು ಹಾರಲಿಲ್ಲವೆಂಬ ಅಳುಕನ್ನು ಇಷ್ಟು ವರ್ಷ ಹೊತ್ತಿದ್ದೆವು. ಆದರೆ ನಮ್ಮ ಹೆಗಲ ಮೇಲೆ ಅಂದು ಐದು ಮೊಳದ ಪಂಚೆಯೊಂದಿತ್ತು; ಅದನ್ನು ಎಸೆಯಬೇಕೆಂದು ನಮಗೆ ಹೇಳಿಕೊಟ್ಟವರಿರಲಿಲ್ಲ. ಒಂದು ಅಳುಕು ಇಳಿಯಿತು, ಇನ್ನೊಂದು ಏರಿತು. ಎರಡನೆಯದು ಮೊದಲನೆಯದಕ್ಕಿಂತ ಹಗುರವೆಂದು ಹೇಳಲಾರೆವು; ಆದರೆ ಅದು ಉಪಯೋಗಕ್ಕೆ ಬರುವಂಥದು. ಅದನ್ನು ಮತ್ತೊಬ್ಬರಿಗೆ ಹೇಳಬಹುದು.

ನಮ್ಮ ತಾಯಿ ಮಾಡಿದ ಕಟ್ಟು ದುಃಖದಿಂದ ಹುಟ್ಟಿದ್ದು, ಅದನ್ನು ಹಳಿಯಲಾರೆವು. ಆದರೆ ನಾಲೆ, ಕೆರೆ, ಕಟ್ಟೆಗಳ ನಡುವೆ ಬಾಳುವ ಮಕ್ಕಳಿಗೆ ನೀರಿನ ಭಯವನ್ನು ಮಾತ್ರ ಕಲಿಸಿ, ನೀರಿನ ಸ್ವಭಾವವನ್ನು ಕಲಿಸದೆ ಬಿಟ್ಟದ್ದು ಹಿರಿಯರಾದ ನಮ್ಮ ತಪ್ಪು. ಹೆದರಿದ ಹುಡುಗನೂ ಸ್ನೇಹಿತರು ಕರೆದಾಗ ಒಂದು ದಿನ ಇಳಿದೇ ಇಳಿಯುತ್ತಾನೆ. ತಿಳಿದವನು ಎಲ್ಲಿ ಇಳಿಯಬಾರದೆಂದು ಬಲ್ಲನು.

ಆ ಸಂಜೆ ನಾದಿನಿಯನ್ನು ಕೂರಿಸಿ ಮಾತನಾಡಿದೆವು. ಹೋಗು ಎಂದು ಅಪ್ಪಣೆ ಕೊಡಿಸಲಿಲ್ಲ; ಬೇಡ ಎಂದೂ ಹೇಳಲಿಲ್ಲ. ಸಮುದ್ರದ ಸ್ಪರ್ಧೆಯ ವ್ಯವಸ್ಥೆಯನ್ನು ಮಗಳ ಬಾಯಿಂದಲೇ ಕೇಳಿಸಿದೆವು. ನೀರಿನಲ್ಲಿ ಉದ್ದಕ್ಕೂ ಕಾವಲು ದೋಣಿಗಳಿರುತ್ತವೆ. ದಣಿದವರು ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಬಹುದು, ಅದರ ಸಹಾಯದಿಂದ ಮುಂದಕ್ಕೆ ಮಾತ್ರ ಹೋಗಕೂಡದು. ಕೈಯೆತ್ತಿದರೆ ದಡಕ್ಕೆ ಕರೆತರುತ್ತಾರೆ. ಉಪ್ಪುನೀರು ದೇಹವನ್ನು ಸಿಹಿನೀರಿಗಿಂತ ಹೆಚ್ಚು ತೇಲಿಸುತ್ತದೆ. ಆದರೆ ಅಲೆಯಿದೆ, ಕಾಲೂರಲು ನೆಲವಿಲ್ಲ, ಕೊಳದಲ್ಲಿರುವಂತೆ ತಳದಲ್ಲಿ ಗೆರೆಯಿಲ್ಲ. ಆಗಾಗ ತಲೆಯೆತ್ತಿ ತೇಲುಗುರುತನ್ನು ನೋಡಿ ದಿಕ್ಕು ತಿದ್ದಿಕೊಳ್ಳಬೇಕು. ಭಯಪಡಬೇಕಾದದ್ದನ್ನೂ ಮಗಳು ಮುಚ್ಚಿಡಲಿಲ್ಲ. ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಕೈ ಎತ್ತೋಕೆ ನಾಚ್ಕೋಬ್ಯಾಡ,” ಎಂದಷ್ಟೇ ಹೇಳಿ ಒಳಗೆ ಹೋದಳು. ನಾವು ಅದನ್ನು ಒಪ್ಪಿಗೆಯೆಂದೇ ತಿಳಿದೆವು.

ನಾವು ಮೈಸೂರಿಗೆ ಹೊರಡುವ ಮುಂಚಿನ ಶನಿವಾರ, ಮಗಳು ಅಭ್ಯಾಸಕ್ಕೆಂದು ಮಂಡ್ಯದ ಈಜುಕೊಳಕ್ಕೆ ಹೋಗುವಾಗ ನಮ್ಮನ್ನೂ ಕರೆದೊಯ್ದಳು. ಇಪ್ಪತ್ತೈದು ಮೀಟರಿನ ಕೊಳವಾದರೆ ಎಪ್ಪತ್ತಾರು ಸಲ ಅತ್ತಿಂದಿತ್ತ ಹೋದರೆ ಸ್ಪರ್ಧೆಯ ದೂರವಾಗುತ್ತದೆ. ಅವಳು ಎಣಿಸುತ್ತ ಈಜುತ್ತಿರುವಾಗ, ನಾವು ಎದೆಮಟ್ಟದ ನೀರಿನಲ್ಲಿ ಕಂಬಿಯನ್ನು ಹಿಡಿದು ನಿಂತೆವು. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ, “ಅಜ್ಜಾ, ಮುಖ ಮುಳುಗ್ಸಿ ಉಸ್ರು ಬಿಡಿ, ಏನೂ ಆಗಲ್ಲ,” ಎಂದು ಉಪದೇಶಿಸಿದನು. ಅರುವತ್ತು ದಾಟಿದ ಮೇಲೆ ದೊರೆತ ಗುರು! ಅವನು ಹೇಳಿದಂತೆ ಮಾಡಿದೆವು. ಕಿವಿಯಲ್ಲಿ ಒಂದು ಬಗೆಯ ನಿಶ್ಶಬ್ದ ತುಂಬಿತು. ಆ ಕ್ಷಣ ತಮ್ಮನ ನೆನಪು ಬಂದಿತು. ಕಂಬಿಯನ್ನು ಬಿಡಲಿಲ್ಲ, ಆದರೆ ಮುಖವನ್ನೂ ಕೂಡಲೇ ಎತ್ತಲಿಲ್ಲ.

ಸ್ಪರ್ಧೆಗೆ ಇನ್ನೂ ಹಲವು ವಾರಗಳಿವೆ. ಅವಳು ಮುಗಿಸುವಳೋ, ಗಡುವು ಮೀರುವುದೋ, ನಡುವೆ ಕೈಯೆತ್ತುವಳೋ ತಿಳಿಯದು. ಫಲ ತಿಳಿಯುವ ಮುನ್ನವೇ ಇದನ್ನು ಬರೆಯಬೇಕೆನಿಸಿತು. ವಾಚಕ ಬಂಧುಗಳೇ, ನಿಮ್ಮ ಮನೆಯ ಮಕ್ಕಳು ಬೇಸಿಗೆಯ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗುವ ಮುಂಚೆ, ಬಲ್ಲವರ ಕಾವಲಿನಲ್ಲಿ ಅವರಿಗೆ ಈಜು ಕಲಿಸಿರಿ. ನಾಲೆಗೆ ಏಕೆ ಇಳಿಯಬಾರದೆಂದು ಏರಿಯ ಮೇಲೆ ನಿಲ್ಲಿಸಿ ತೋರಿಸಿರಿ. ಹೆಗಲ ಮೇಲಿನ ಪಂಚೆ ಯಾವುದಕ್ಕೆ ಒದಗುವುದೆಂಬುದನ್ನೂ ಹೇಳಿರಿ.

ಕೊಪ್ಪದ ಮನೆಯಲ್ಲಿ ಈಗ ಪಡಸಾಲೆಯ ಗೂಟಕ್ಕೆ ಎರಡು ಈಜುಗನ್ನಡಕಗಳು ತೂಗುತ್ತಿವೆ. ಒಂದು ಮಗಳದು, ಇನ್ನೊಂದು ಅವಳ ಆರು ವರ್ಷದ ಮಗುವಿನದು. ಅವುಗಳ ಮೇಲೆ ಧೂಳು ಕೂರದಂತೆ ದಿನವೂ ಒರೆಸಿಡುವವಳು ನಮ್ಮ ನಾದಿನಿ.